ಕಡಲ ದಿಕ್ಕಿನ ಹಗ್ಗ

"ಎಡಗೈ ಮುಂದೆ ಮಾಡಿ ಅಮ್ಮ," ಎಂದ ಗೇಟಿನ ಕಾವಲುಗಾರ. ಉಪ್ಪಕ್ಕ ಕೈ ಚಾಚಿದಳು. ಅವನು ಹಸಿರು ಕಾಗದದ ಪಟ್ಟಿಯನ್ನು ಅವಳ ಮಣಿಕಟ್ಟಿಗೆ ಸುತ್ತಿ, ಅಂಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಆಸ್ಪತ್ರೆಯಲ್ಲಿ ಆಗಷ್ಟೇ ಹುಟ್ಟಿದ ಕೂಸಿಗೆ ಕಟ್ಟುತ್ತಾರಲ್ಲ, ಹಾಗೆ. ಪಟ್ಟಿಯ ಮೇಲೆ 'ಅತಿಥಿ' ಎಂದು ಅಚ್ಚಾಗಿತ್ತು.

"ಅತಿಥಿ ಅಂತೆ!" ಹಿಂದೆ ನಿಂತಿದ್ದ ನಾದಿನಿ ತನ್ನ ಕೈಯ ಪಟ್ಟಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದಳು, ಅವಳ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. "ಏನಪ್ಪಾ, ನೀನೀಗ ಕುರ್ಚಿ ಹಾಕ್ಕೊಂಡು ಕೂತಿದೀಯಲ್ಲ, ಅದು ನಮ್ಮಪ್ಪ ದಿನಾ ಬೆಳಿಗ್ಗೆ ಉಚ್ಚೆ ಹೊಯ್ತಿದ್ದ ಜಾಗ. ಅಲ್ಲಿ ಕೂತ್ಕೊಂಡು ನಮಗೆ ಅತಿಥಿ ಅಂತೀಯಾ?"

ಕಾವಲುಗಾರ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತ. "ನಾನು ಸಂಬಳಕ್ಕೆ ಇರೋನು ತಾಯಿ. ಕೊಟ್ಟಿದ್ದನ್ನ ಕಟ್ತೀನಿ. ಪ್ಲಾಸ್ಟಿಕ್ ಇದ್ರೆ ಇಲ್ಲೇ ಬಿಡಿ. ಒಳಗೆ ಜೋರಾಗಿ ಮಾತಾಡಬೇಡಿ, ಹಕ್ಕಿಗಳಿಗೆ ತೊಂದರೆ ಆಗುತ್ತೆ."

"ಹಕ್ಕಿಗೆ ತೊಂದರೆ ಅಂತಾನೇ ಅಲ್ವಾ ನಮ್ಮನ್ನ ಎತ್ತಿ ಬಿಸಾಕಿದ್ದು? ಈಗ ಬಾಯಿ ಬೇರೆ ಮುಚ್ಕೋಬೇಕಾ?"

"ಬಾರೇ ಸಾಕು," ಎಂದು ಉಪ್ಪಕ್ಕ ಅವಳ ತೋಳು ಹಿಡಿದು ಎಳೆದಳು.

ಮರದ ಹಲಗೆ ಹಾಸಿದ ದಾರಿ ಹಳೆಯ ಉಪ್ಪಿನ ಗದ್ದೆಗಳ ಮೇಲೆ ಹಾದುಹೋಗಿತ್ತು. ಎಡಕ್ಕೆ ಕಡಲು, ಬಲಕ್ಕೆ ಹಿನ್ನೀರಿನ ಜೊಂಡು. ಜೊಂಡಿನಲ್ಲಿ ಉದ್ದ ಕಾಲಿನ ಹಕ್ಕಿಗಳು ಒಂಟಿಗಾಲಲ್ಲಿ ನಿಂತು ಬೆಳಗಿನ ಬಿಸಿಲು ಕಾಯಿಸುತ್ತಿದ್ದವು. ಇಪ್ಪತ್ತು ಹೆಜ್ಜೆಗೊಂದು ಫಲಕ. ಹಕ್ಕಿಯ ಹೆಸರು, ಹಕ್ಕಿಯ ತೂಕ, ಹಕ್ಕಿ ಏನು ತಿನ್ನುತ್ತದೆ, ಎಷ್ಟು ಮೊಟ್ಟೆ ಇಡುತ್ತದೆ, ಎಲ್ಲಿಂದ ಬರುತ್ತದೆ, ಎಲ್ಲವನ್ನೂ ಬರೆದಿದ್ದರು. ಈ ದಡದ ಅರವತ್ತೆರಡು ಮನೆಗಳಲ್ಲಿ ಯಾರಿದ್ದರು, ಅವರೆಲ್ಲ ಎಲ್ಲಿಗೆ ಹೋದರು ಎಂಬುದು ಮಾತ್ರ ಯಾವ ಫಲಕದ ಮೇಲೂ ಇರಲಿಲ್ಲ.

ಹೋದದ್ದಲ್ಲ, ಕಳಿಸಿದ್ದು. ಹೊರಗಿನವರು ಟ್ಯೂನಾ ಎನ್ನುತ್ತಿದ್ದ, ಊರಿನವರ ಬಾಯಲ್ಲಿ ಬರೀ ದೊಡ್ಡಮೀನಾಗಿದ್ದ ಮೀನು ದಡಕ್ಕೆ ಬರುವುದು ವರ್ಷ ವರ್ಷಕ್ಕೆ ಕಡಿಮೆಯಾಯಿತು. ದೂರದ ನೀರಿನಲ್ಲೇ ಯಂತ್ರದ ಹಡಗುಗಳು ಅದನ್ನು ಬಾಚುತ್ತಿದ್ದವು. ಆ ಹಡಗುಗಳು ದಡದಲ್ಲಿ ಮೀನಿನ ಕಾರ್ಖಾನೆ ನಡೆಸುತ್ತಿದ್ದ ಕಂಪನಿಯವು. ಮೀನಿಲ್ಲ ಎಂದು ದಡದ ಕಾರ್ಖಾನೆಯ ಬಾಗಿಲು ಹಾಕಿದ್ದೂ ಅದೇ ಕಂಪನಿ. ನಾಲ್ಕು ವರ್ಷ ಕಳೆದು ದಡವನ್ನು ರಕ್ಷಿತ ಪ್ರದೇಶವೆಂದು ಸಾರಿದರು. ಮನೆ ಬಿಡಬೇಕೆಂದು ಬಂದ ಕಾಗದದಲ್ಲಿ 'ಮಾನವ ಉಪದ್ರವ' ಎಂಬ ಮಾತಿತ್ತು. ತಲೆಮಾರುಗಳಿಂದ ಕಡಲಿನ ಬಾಯಲ್ಲಿ ಕೂತಿದ್ದ ಜನ ಹನ್ನೊಂದು ಕಿಲೋಮೀಟರ್ ಒಳಗೆ, ನಾಲ್ಕು ಅಂತಸ್ತಿನ ಕಟ್ಟಡಕ್ಕೆ ಹೋದರು. ಅಲ್ಲಿ ಬಾಗಿಲು ತೆಗೆದರೆ ಎದುರು ಮನೆಯ ಬಾಗಿಲು ಕಾಣುತ್ತದೆ. ವರ್ಷಕ್ಕೊಂದು ದಿನ, 'ಮೂಲ ನಿವಾಸಿಗಳ ದಿನ' ಎಂದು ಹೆಸರಿಟ್ಟು, ಟಿಕೆಟ್ಟಿಲ್ಲದೆ ಒಳಗೆ ಬಿಡುತ್ತಿದ್ದರು.

ಊರು ಬಿಟ್ಟ ಮೇಲಿನ ಹದಿನಾಲ್ಕು ವರ್ಷದಲ್ಲಿ ಉಪ್ಪಕ್ಕ ಒಮ್ಮೆಯೂ ಬಂದವಳಲ್ಲ. ಈ ಸಲ ಬಂದದ್ದು ಒಂದು ಬಟ್ಟೆಯನ್ನು ನೋಡಲು.

ಕಾರ್ಖಾನೆಯ ಉಪ್ಪಿನ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಮೀನಿಗೆ ಉಪ್ಪು ಒತ್ತಿದ್ದರಿಂದ ಅವಳು ಉಪ್ಪಕ್ಕ. ಈಗಲೂ ಅವಳ ಬೆರಳಿನ ಸಂದುಗಳಲ್ಲಿ ಚರ್ಮ ಬಿಳಿಚಿಕೊಂಡೇ ಇತ್ತು. ಗಂಡ ತೀರಿಕೊಂಡು ಏಳು ತಿಂಗಳು. ಒಬ್ಬಳೇ ಮಗಳು, ಇದೇ ರಕ್ಷಿತ ಪ್ರದೇಶದಲ್ಲಿ ನೋಡಲು ಬಂದವರಿಗೆ ಊರಿನ ಕಥೆ ಹೇಳುವ ಕೆಲಸದಲ್ಲಿದ್ದಳು. ಹೋದ ಭಾನುವಾರ ಮನೆಗೆ ಬಂದವಳು, ಸಕ್ಕರೆ ಮುಗಿದಿದೆ ಎನ್ನುವ ಧಾಟಿಯಲ್ಲೇ ಹೇಳಿದ್ದಳು: "ಕಂಪನಿಯ ಹಳೇ ಬೀರು ಒಡೆದ್ರು. ಆ ವಿಚಾರಣೆಯ ಕಟ್ಟು ಸಿಕ್ತು. ಅಪ್ಪ ಅವತ್ತು ಬೀಸಿದ ಬಟ್ಟೇನೂ ಅದರೊಳಗೇ ಇತ್ತು. ಗಾಜಿನ ಪೆಟ್ಟಿಗೆ ಮಾಡಿಸಿ ಇಟ್ಟಿದಾರೆ."

ಅಂದಿನಿಂದ ಉಪ್ಪಕ್ಕನಿಗೆ ಊಟ ಗಂಟಲಲ್ಲಿ ಇಳಿದಿರಲಿಲ್ಲ.

ಹಲಗೆಯ ದಾರಿ ತಿರುಗಿದ ಕೂಡಲೇ ಊರು ಕಂಡಿತು. ಬೀಳಿಸದೆ ಉಳಿಸಿಕೊಂಡ ಒಂದು ಸಾಲು ಮನೆ. ಒಂದಕ್ಕೆ ನೀಲಿ, ಒಂದಕ್ಕೆ ಹಳದಿ, ಒಂದಕ್ಕೆ ಇಟ್ಟಿಗೆ ಕೆಂಪು ಬಳಿದು, ಮಕ್ಕಳ ಆಟದ ಪೆಟ್ಟಿಗೆಗಳ ಹಾಗೆ ಜೋಡಿಸಿದ್ದರು. ಹಿಂದೆ ಗುಡ್ಡದ ಮೂಗಿನ ಮೇಲೆ ಕಲ್ಲಿನ ಗೂಡು. ಮನೆಗಳ ತಾರಸಿಯ ಮೇಲೆ, ಕಡಲಿಗೆ ಮುಖ ಮಾಡಿದ ಹಗ್ಗಗಳಲ್ಲಿ, ಸಾಲಾಗಿ ಬಿಳಿ ದುಪ್ಪಟಿಗಳು ಗಾಳಿಗೆ ಉಬ್ಬಿ ಹಾರುತ್ತಿದ್ದವು.

ಉಪ್ಪಕ್ಕನ ಕಾಲು ಅಲ್ಲೇ ನಿಂತಿತು.

"ಏನದು ಬೆಳ್ಳಗೆ?" ನಾದಿನಿ ಕಣ್ಣು ಕಿರಿದು ಮಾಡಿದಳು. ಗೊತ್ತಾದ ಮೇಲೆ ಅವಳ ದನಿ ಏರಿತು. "ಅಯ್ಯೋ, ಯಾವ ಮನೆಹಾಳರು ಹಾಕಿದ್ದು ಅದನ್ನ? ಆ ಕಡೆ ಬಿಳಿ ಹಾಕ್ತಾರಾ ಯಾರಾದ್ರೂ?"

ಪಕ್ಕದಲ್ಲೇ ಒಂದು ಜೋಡಿ ದುಪ್ಪಟಿಗಳಿಗೆ ಬೆನ್ನು ಮಾಡಿ ಫೋಟೋ ತೆಗೆದುಕೊಳ್ಳುತ್ತಿತ್ತು. "ಚೆನ್ನಾಗಿದೆ ಅಲ್ವಾ ಆಂಟಿ?" ಎಂದಳು ಹೆಂಡತಿ. "ಹಳೇ ಕಾಲದ ಹಾಗೇ ಇಟ್ಟಿದಾರೆ."

ಹಳೇ ಕಾಲದಲ್ಲಿ ಹಾಗಿರಲಿಲ್ಲ. ದೊಡ್ಡಮೀನು ಬರುತ್ತಿದ್ದುದು ವರ್ಷಕ್ಕೆ ಎರಡೇ ತಿಂಗಳು, ಹಿಂಡುಹಿಂಡಾಗಿ, ದಡಕ್ಕೆ ಮೈ ಉಜ್ಜಿಕೊಂಡಂತೆ. ಅದಕ್ಕಾಗಿ ಕಡಲಿನೊಳಗೇ ಬಲೆಯ ಮನೆ ಕಟ್ಟುತ್ತಿದ್ದರು. ಬಲೆಯ ಗೋಡೆ, ಬಲೆಯ ಕೋಣೆಗಳು, ಕೊನೆಗೆ ಬಲೆಯ ಬಾಗಿಲು. ನೀರಿನ ಮೇಲಿದ್ದವರಿಗೆ ಕಾಣದ್ದು ಗುಡ್ಡದ ಮೇಲಿದ್ದವನಿಗೆ ಕಾಣುತ್ತದೆ. ಹಾಗಾಗಿ ಕಲ್ಲಿನ ಗೂಡಿನಲ್ಲಿ ಒಬ್ಬ ನೋಟಗಾರ. ಹಿಂಡಿನ ನೆರಳು ಕೊನೆಯ ಕೋಣೆ ಹೊಕ್ಕಿತೆಂದರೆ ಅವನು ಕೋಲಿಗೆ ಕಟ್ಟಿದ ಮೊಳದಗಲದ ಬಿಳಿ ಬಟ್ಟೆ ಎತ್ತಬೇಕು. ಬಿಳಿ ಕಂಡರೆ ದೋಣಿಯವರು ಹಗ್ಗ ಬಿಡುತ್ತಿದ್ದರು. ಸೀಸದ ಗುಂಡು ಕಟ್ಟಿದ ಬಾಗಿಲು ಬಲೆ ಗೋಡೆ ಕುಸಿದಂತೆ ಬೀಳುತ್ತಿತ್ತು. ದೋಣಿಯಿಂದ ನೋಡಿದರೆ ಕಲ್ಲಿನ ಗೂಡೂ ಊರಿನ ತಾರಸಿಗಳೂ ಒಂದೇ ಸಾಲು. ಆದ್ದರಿಂದ ಆ ಎರಡು ತಿಂಗಳು ಕಡಲ ದಿಕ್ಕಿನ ಹಗ್ಗಕ್ಕೆ ಯಾರೂ ಬಿಳಿ ಹಾಕುತ್ತಿರಲಿಲ್ಲ. ಬಿಳಿ ಏನಿದ್ದರೂ ಒಳಂಗಳದಲ್ಲಿ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಗೆ ಅತ್ತೆ ಒಲೆ ತೋರಿಸುವ ಮೊದಲು ಹಗ್ಗ ತೋರಿಸುತ್ತಿದ್ದಳು.

ಉಪ್ಪಕ್ಕ ಹೊರಗಿನವಳಲ್ಲ. ಆ ಊರಲ್ಲೇ ಹುಟ್ಟಿದವಳು. ಅವಳಿಗೆ ತೋರಿಸಿಕೊಡುವ ಅಗತ್ಯವಿರಲಿಲ್ಲ.

ನಲವತ್ತೊಂದು ವರ್ಷದ ಹಿಂದೆ, ಮಗಳು ಐದು ತಿಂಗಳ ಕೂಸು. ಮೂರು ದಿನದಿಂದ ಜ್ವರ. ಕುಡಿಸಿದ ಔಷಧಿಯನ್ನೆಲ್ಲ ಕಕ್ಕಿ ಇದ್ದೊಂದು ಬಿಳಿ ದುಪ್ಪಟಿಯನ್ನೂ ಹಾಳು ಮಾಡಿತ್ತು. ಬೆಳಿಗ್ಗೆ ಒಗೆದು ನೋಡಿದರೆ ಒಳಂಗಳದ ಹಗ್ಗದಲ್ಲಿ ಕೂಸಿನ ಬಟ್ಟೆಗಳೇ ತುಂಬಿದ್ದವು. ಕಡಲ ಮೇಲೆ ಮಂಜು ಕವಿದಿತ್ತು. ಮಂಜಿದ್ದಾಗ ಮೀನು ಮಧ್ಯಾಹ್ನದ ಮೊದಲು ಒಳಗೆ ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಅರ್ಧ ಗಂಟೆ ಗಾಳಿಗೆ ಹಾಕಿ ತೆಗೆದುಬಿಡೋಣ ಎಂದುಕೊಂಡು ಅವಳು ದುಪ್ಪಟಿಯನ್ನು ಮೇಲೆ, ಕಡಲ ದಿಕ್ಕಿನ ಹಗ್ಗಕ್ಕೆ ಹಾಕಿದಳು. ಕೆಳಗಿಳಿದು ಕೂಸಿಗೆ ಹಾಲೂಡಿಸುತ್ತ ಗೋಡೆಗೆ ತಲೆ ಆನಿಸಿದಳು. ಮೂರು ದಿನದ ನಿದ್ದೆ ಒಟ್ಟಿಗೇ ಬಂತು.

ಎಬ್ಬಿಸಿದ್ದು ಕಾರ್ಖಾನೆಯ ಸೈರನ್ನು. ಕೂಸನ್ನು ಎತ್ತಿಕೊಂಡೇ ಮೇಲಕ್ಕೆ ಓಡಿದಳು. ಹಗ್ಗ ಖಾಲಿ. ದುಪ್ಪಟಿ ಇರಲಿಲ್ಲ.

ಬಾಗಿಲು ಬಲೆ ಹೊತ್ತಿಗೆ ಮುಂಚೆ ಬಿದ್ದಿತ್ತು. ಬಾಗಿಲಿಗೆ ಸಿಕ್ಕಿಕೊಂಡ ಪಾಚಿ ಬಿಡಿಸುತ್ತಿದ್ದ ಸಣ್ಣ ದೋಣಿಯೊಂದು ಅದರ ಕೆಳಗಿತ್ತು. ಮೂರು ಜನ ಸತ್ತರು. ಮೂವರಲ್ಲಿ ಒಬ್ಬ ಅವಳ ತಮ್ಮ. ಅಂದು ಗೂಡಿನಲ್ಲಿ ನೋಟಗಾರನಾಗಿ ಕೂತಿದ್ದವನು ಅವಳ ಗಂಡ. ಸಂಜೆ ಮನೆಗೆ ಬಂದು ಹೊಸ್ತಿಲಲ್ಲೇ ನಿಂತು ಹೇಳಿದ: "ನಾನು ತಪ್ಪಾಗಿ ಬೀಸಿದೆ."

ಆ ಕ್ಷಣ ಅವಳಿಗೆ ಮೊದಲು ಬಂದದ್ದು ಅಳುವಲ್ಲ. ಎದೆಯ ಮೇಲಿನ ಕಲ್ಲು ಇಳಿದ ನಿರಾಳ. ಅಳು ಅದರ ಹಿಂದೆ ಬಂತು. ದುಪ್ಪಟಿಯನ್ನು ಗಾಳಿ ಹೊತ್ತೊಯ್ದಿರಬೇಕು, ಯಾರೂ ನೋಡುವ ಮುಂಚೆಯೇ. ಹಾಗೆಂದು ನಂಬಿದಳು. ನಂಬಿಕೊಂಡೇ ನಲವತ್ತು ವರ್ಷ ಅವನಿಗೆ ಬಡಿಸಿದಳು. ಅವಳ ತಾಯಿ ಸಾಯುವವರೆಗೂ ಅಳಿಯನಿಗೆ ಬಾಗಿಲು ತೆಗೆಯಲಿಲ್ಲ. ಕಂಪನಿ ಅವನನ್ನು ಗೂಡಿನಿಂದ ಇಳಿಸಿ ಮೀನಿನ ಕರುಳು ತೊಳೆಯುವ ಅಂಗಳಕ್ಕೆ ಹಾಕಿತು. ಊಟದ ಹೊತ್ತಿಗೆ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಶಾಲೆಯಲ್ಲಿ ಮಗಳನ್ನು 'ಬೀಸಿದವನ ಮಗಳು' ಎಂದು ಕರೆದರು. ಹನ್ನೆರಡನೇ ವಯಸ್ಸಿಗೆ ಅವಳು ಅಪ್ಪನ ಜೊತೆ ಮಾತು ಬಿಟ್ಟಳು.

ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದಲ್ಲಿ ಅವನಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಒಂದೇ ಮಾತು ಆಡುತ್ತಿದ್ದ: "ಬೇಗ ಮೇಲೆ ಹೋಗಿ ಬಟ್ಟೆ ತೆಗೀ. ಅವಳು ಮಲಗಿದಾಳೆ, ನೀನು ಹೋಗಿ ತೆಗೀ."

ಆಸ್ಪತ್ರೆಗೆ ಮೇಲಿನ ಅಂತಸ್ತೇ ಇರಲಿಲ್ಲ.

ಗಾಜಿನ ಪೆಟ್ಟಿಗೆಯಲ್ಲಿ ಇರುವುದು ಕೋಲಿಗೆ ಕಟ್ಟಿದ ಮೊಳದಗಲದ ಬಟ್ಟೆಯಾಗಿದ್ದರೆ, ತಪ್ಪು ಅವನದೇ. ಅವಳು ಮನೆಗೆ ಹೋಗಿ ಊಟ ಮಾಡಬಹುದು. ಅಷ್ಟನ್ನು ನೋಡಬೇಕಿತ್ತು.

*

ಕಾರ್ಖಾನೆಯ ಬೇಯಿಸುವ ಮನೆಯೇ ಈಗ ಮ್ಯೂಸಿಯಂ. ಗೋಡೆಯ ಎಣ್ಣೆ ಜಿಡ್ಡನ್ನೆಲ್ಲ ಕೆರೆದು ಸುಣ್ಣ ಹೊಡೆದಿದ್ದರು. ನಾಲ್ಕಾಳು ನಿಲ್ಲುವಷ್ಟು ದೊಡ್ಡ ಕಡಾಯಿಗಳ ಮೇಲೆ ಬೆಳಕು ಬೀಳುವಂತೆ ಬಲ್ಬು ಹಾಕಿದ್ದರು. ಬಾಗಿಲ ಪಕ್ಕದಲ್ಲಿ ಹೊಳೆಯುವ ತಗಡಿನ ಮೇಲೆ ಈ ಮ್ಯೂಸಿಯಮ್ಮಿಗೆ ನೆರವಾದವರಿಗೆ ಕೃತಜ್ಞತೆ ಬರೆದಿತ್ತು. ಮೊದಲ ಹೆಸರು ಕಂಪನಿಯದು.

"ವಾಸನೇನೇ ಇಲ್ಲ," ಎಂದಳು ನಾದಿನಿ, ಮೂಗು ಎಳೆದು. "ಮನೆಗೆ ಹೋದ್ರೆ ಬೆಕ್ಕು ನನ್ನ ಹಿಂದೆ ಬರ್ತಿತ್ತು. ಗಂಡ ಹತ್ರ ಬರ್ತಿರಲಿಲ್ಲ, ಬೆಕ್ಕು ಬಿಡ್ತಿರಲಿಲ್ಲ."

ಇಪ್ಪತ್ತು ಜನರ ಗುಂಪಿನ ಮುಂದೆ ಮಗಳು ನಿಂತಿದ್ದಳು. ಹಸಿರು ಅಂಗಿ, ಕೆನ್ನೆಗೆ ಅಂಟಿದ ಸಣ್ಣ ಮೈಕು. ತಾಯಿಯನ್ನು ಕಂಡು, ಟಿಕೆಟ್ಟು ತೋರಿಸಿದವರಿಗೆ ಮಾಡುವಂತೆ, ತಲೆ ಆಡಿಸಿದಳು. ಅಪ್ಪನ ಎತ್ತರ, ಅಪ್ಪನ ಹುಬ್ಬು. ದೂರದ್ದನ್ನು ನೋಡುವಾಗ ಗದ್ದ ಎತ್ತುವುದೂ ಅವನ ಹಾಗೇ.

"ಒಂದು ಮೀನು ಇನ್ನೂರು, ಮುನ್ನೂರು ಕಿಲೋ. ಒಂದನ್ನು ಮೇಲೆತ್ತೋಕೆ ಎಂಟು ಜನ ಬೇಕಿತ್ತು," ಎನ್ನುತ್ತಿದ್ದಳು. "ಇಲ್ಲಿನ ಹೆಂಗಸರು ಒಂದು ಪಾಳಿಯಲ್ಲಿ ನಲವತ್ತು ಮೀನು ಕತ್ತರಿಸ್ತಿದ್ರು. ಎಲ್ಲವೂ ನಡೀತಿದ್ದುದು ಗುಡ್ಡದ ಮೇಲಿನ ನೋಟಗಾರನ ಸಂಜ್ಞೆಯಿಂದ. ನಲವತ್ತೊಂದು ವರ್ಷದ ಹಿಂದೆ ನೋಟಗಾರನೊಬ್ಬನ ಅಜಾಗರೂಕತೆಯಿಂದ ಮೂವರು ಮೀನುಗಾರರು ಜೀವ ಕಳೆದುಕೊಂಡರು ಮುಂದೆ ಬನ್ನಿ ಇದು ಬೇಯಿಸುವ ಕಡಾಯಿ."

ಕೊನೆಯದನ್ನು ಉಸಿರು ತೆಗೆದುಕೊಳ್ಳದೆ ಹೇಳಿದಳು, ಕಹಿ ಮಾತ್ರೆ ನುಂಗುವವರ ಹಾಗೆ. ದಿನಕ್ಕೆ ಆರು ಗುಂಪು. ದಿನಕ್ಕೆ ಆರು ಮಾತ್ರೆ.

"ನನ್ನಣ್ಣ ತಪ್ಪು ಬೀಸೋನಲ್ಲ!"

ಎಲ್ಲರೂ ತಿರುಗಿದರು. ನಲವತ್ತೊಂದು ವರ್ಷದಿಂದ ನಾದಿನಿ ಇದನ್ನು ಹೇಳುತ್ತಲೇ ಇದ್ದಳು, ನಲ್ಲಿಯ ಹತ್ತಿರ, ಅಂಗಡಿಯಲ್ಲಿ, ಸಾವಿನ ಮನೆಯಲ್ಲಿ. ಊರು ಅವಳಿಗೆ ಅರೆಹುಚ್ಚಿ ಎಂದಿತ್ತು.

"ಅತ್ತೆ, ದಯವಿಟ್ಟು," ಎಂದಳು ಮಗಳು ಮೈಕಿನಲ್ಲೇ.

"ಏನು ದಯವಿಟ್ಟು? ಕೊಂಬಿನವನ ವಿಷಯ ಯಾಕೆ ಹೇಳಲ್ಲ ನೀನು? ಬಟ್ಟೆ ಎತ್ತಿದ ಮೇಲೆ ಗೂಡಿನಿಂದ ಕೊಂಬು ಊದಬೇಕು. ಊದಿದರೆ ಮಾತ್ರ ಬಾಗಿಲು ಬಿಡೋದು. ಎರಡೂ ಇದ್ದಷ್ಟು ದಿನ ಒಬ್ಬ ಸತ್ತನಾ? ಆ ಅಪಘಾತದ ಹಿಂದಿನ ವರ್ಷ ಕಂಪನಿಯವರು ಕೊಂಬಿನವನನ್ನ ಮನೆಗೆ ಕಳಿಸಿದ್ರು. ಕಣ್ಣಿದ್ದವರಿಗೆ ಕೊಂಬು ಯಾಕೆ ಅಂದ್ರು. ಆ ಕೊಂಬು ಇದ್ದಿದ್ರೆ ಮೂರು ಜನ ಇವತ್ತು ಮುದುಕರಾಗಿ ಇಲ್ಲಿ ಕೆಮ್ತಾ ನಿಂತಿರ್ತಿದ್ರು. ಅದನ್ನ ಬರೆಸಿದಾರಾ ಗೋಡೆ ಮೇಲೆ?"

"ಬರೆದಿರೋದನ್ನ ಹೇಳೋದು ನನ್ನ ಕೆಲಸ ಅತ್ತೆ."

ಟೋಪಿ ಹಾಕಿದ ಒಬ್ಬ ಗಂಡಸು ಕುತೂಹಲದಿಂದ ಕೇಳಿದ: "ಆ ನೋಟಗಾರನಿಗೆ ಶಿಕ್ಷೆ ಆಯ್ತಾ ಮೇಡಂ?"

ಮಗಳು ಒಂದು ಕ್ಷಣ ಗದ್ದ ಎತ್ತಿ ಆಚೆ ಗೋಡೆಯನ್ನು ನೋಡಿದಳು. "ಎಪ್ಪತ್ತು ವರ್ಷ ಬದುಕಿದ್ರು," ಎಂದಳು. ಗುಂಪನ್ನು ಕಡಾಯಿಯ ಕಡೆಗೆ ಕರೆದುಕೊಂಡು ಹೋದಳು.

ಗಾಜಿನ ಪೆಟ್ಟಿಗೆ ಮೂಲೆಯಲ್ಲಿತ್ತು. ಉಪ್ಪಕ್ಕ ಅದರ ಹತ್ತಿರ ಹೋಗುವಾಗ ಗೋಡೆ ಹಿಡಿದುಕೊಂಡು ಹೋದಳು. ಕೋಲು ಇರಲಿಲ್ಲ. ದೂರದಿಂದಲೇ ಕಂಡಿತು, ಕೋಲು ಇರಲಿಲ್ಲ.

ಎಂಟು ಮಡಿಕೆಯಾಗಿ ಮಡಚಿ, ಒಂದು ಮೂಲೆಯನ್ನು ಹೊರಗೆ ಚಾಚಿ ಇಟ್ಟಿದ್ದರು. ಬಿಳಿ ಹಳದಿಗೆ ತಿರುಗಿತ್ತು. ಚಾಚಿದ ಮೂಲೆಯಲ್ಲಿ ಉಪ್ಪಿನ ಚೀಲದ ಬಟ್ಟೆಯ ತೇಪೆ. ಅದರಲ್ಲಿ ಕಂಪನಿಯ ನೀಲಿ ಮುದ್ರೆಯ ಅರ್ಧ ಚಂದ್ರ. ಚೀಲವನ್ನು ಕಾರ್ಖಾನೆಯಿಂದ ಹೊಟ್ಟೆಗೆ ಸುತ್ತಿಕೊಂಡು ತಂದವಳು ಅವಳೇ, ಹೊಲಿದವಳೂ ಅವಳೇ, ಬಸುರಿಯಾಗಿದ್ದಾಗ. ಮುದ್ರೆಯ ಪಕ್ಕ, ಒಗೆದರೂ ಹೋಗದ ಕಂದು ಕಲೆ. ಕೂಸಿನ ಔಷಧಿಯದು.

ಪಕ್ಕದ ಹಾಳೆಯಲ್ಲಿ ಟೈಪು ಮಾಡಿದ ಪ್ರಶ್ನೋತ್ತರ.

ನೀನು ಬೀಸಿದ್ದು ಇದೇ ಬಟ್ಟೆಯೇ? ಹೌದು.

ಯಾಕೆ ಬೀಸಿದೆ? ಮೀನು ಬಂತು ಅಂದುಕೊಂಡೆ.

ಇದರಲ್ಲಿ ಬೇರೆ ಯಾರ ಪಾತ್ರವಾದರೂ ಇದೆಯೇ? ಇಲ್ಲ.

ಕೆಳಗೆ ಅವನ ರುಜು. ಮೂರು ಅಧಿಕಾರಿಗಳ ರುಜು. ಆ ಮೂವರಿಗೂ ಮೊಳದ ಬಟ್ಟೆಗೂ ಮಲಗುವ ದುಪ್ಪಟಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಗೊತ್ತಾಗುವ ಅಗತ್ಯವೂ ಇರಲಿಲ್ಲ. ಕೊಂಬಿನ ಮಾತು ಬರದೆ ಕಡತ ಮುಚ್ಚಿದರೆ ಸಾಕಿತ್ತು. ಒಬ್ಬ ಮನುಷ್ಯ ತಾನಾಗಿ ಬಂದು ಕುತ್ತಿಗೆ ಕೊಟ್ಟಿದ್ದ.

ಮಂಜು ಹರಿದಾಗ ಗಂಡ ಗೂಡಿನಿಂದ ನೋಡಿರಬೇಕು, ತನ್ನದೇ ತಾರಸಿಯ ಮೇಲೆ ಬಿಳಿ. ಕಲ್ಲಿನ ಮೆಟ್ಟಿಲುಗಳನ್ನು ಹಾರಿಕೊಂಡು ಓಡಿ ಬಂದಿರಬೇಕು. ಹೊರಗಿನ ಮೆಟ್ಟಿಲು ಹತ್ತುವಾಗ ಕಿಟಕಿಯೊಳಗೆ ಕಂಡಿರಬೇಕು, ಬಾಯಿ ತೆರೆದುಕೊಂಡು ಮಲಗಿದ್ದ ಹೆಂಡತಿ, ಮೊಲೆಗೆ ಅಂಟಿಕೊಂಡ ಕೂಸು. ಎಬ್ಬಿಸಲಿಲ್ಲ. ಅಂದು ಎಬ್ಬಿಸಲಿಲ್ಲ, ಆಮೇಲಿನ ನಲವತ್ತು ವರ್ಷದಲ್ಲಿ ಒಂದು ದಿನವೂ ಎಬ್ಬಿಸಲಿಲ್ಲ.

"ಏನು ಬರೆದಿದೆ ಅತ್ತಿಗೆ? ಓದು ಸ್ವಲ್ಪ." ನಾದಿನಿ ಬಂದು ಗಾಜಿಗೆ ಹಣೆ ಆನಿಸಿದಳು. ಅವಳ ಉಸಿರಿಗೆ ಗಾಜು ಮಂಜಾಯಿತು. ಅಂಗೈಯಿಂದ ಒರೆಸಿ ಮತ್ತೆ ನೋಡಿದಳು. "ಇದೇನು ಇಷ್ಟು ದೊಡ್ಡದು? ಇದನ್ನ ಕೋಲಿಗೆ ಹೇಗೆ ಕಟ್..."

ಮಾತು ಅರ್ಧಕ್ಕೆ ನಿಂತಿತು. ಆಗ ಮದುವೆಯಾಗದೆ ಅದೇ ಮನೆಯಲ್ಲಿದ್ದವಳು ಅವಳು. ಆ ದುಪ್ಪಟಿಯ ಮೇಲೆ ಅವಳೂ ಮಲಗಿದ್ದಳು. ತೇಪೆಯನ್ನು ನೋಡಿದಳು. ಅತ್ತಿಗೆಯ ಮುಖ ನೋಡಿದಳು.

"ಅತ್ತಿಗೆ," ಎಂದಳು. ಹಕ್ಕಿಗಳಿಗೂ ತೊಂದರೆಯಾಗದಷ್ಟು ಮೆಲ್ಲಗೆ. "ಇದು ನಮ್ಮ ಮನೇದು."

ಉಪ್ಪಕ್ಕ ತಲೆ ಆಡಿಸಿದಳು.

ನಲವತ್ತೊಂದು ವರ್ಷ ಬಾಯಿ ಮುಚ್ಚದವಳು ಕಡಾಯಿಯ ಎದುರಿನ ಬೆಂಚಿಗೆ ಹೋಗಿ, ಇತ್ತ ಬೆನ್ನು ಮಾಡಿ ಕೂತಳು. ಕೈಗೆ ಕಟ್ಟಿದ್ದ ಹಸಿರು ಪಟ್ಟಿಯನ್ನು ಉಗುರಿನಿಂದ ಕೀಳತೊಡಗಿದಳು. ಅದು ಬರಲಿಲ್ಲ. ಕೀಳುತ್ತಲೇ ಇದ್ದಳು.

*

ಸಾಲಿನಲ್ಲಿ ಮೂರನೆಯದು ಉಪ್ಪಕ್ಕನ ಮನೆ. ಈಗ ನೀಲಿ. ಬಾಗಿಲ ಮೇಲೆ 'ಮೀನುಗಾರನ ಮನೆ, ಮಾದರಿ' ಎಂದು ಬರೆದಿತ್ತು. ಒಳಗೆ ಯಾರದೋ ತೊಟ್ಟಿಲು ಇಟ್ಟಿದ್ದರು. ಅದರಲ್ಲಿ ಬಟ್ಟೆಯ ಗೊಂಬೆ. ಹೊರಗಿನ ಮೆಟ್ಟಿಲಿಗೆ ಸರಪಳಿ ಅಡ್ಡ ಕಟ್ಟಿತ್ತು. ಉಪ್ಪಕ್ಕ ಬಗ್ಗಿ ಅದರ ಕೆಳಗೆ ನುಸುಳಿ ಮೇಲೆ ಹತ್ತಿದಳು. ಒಂಬತ್ತು ಮೆಟ್ಟಿಲು. ಆರನೆಯದು ಆಗಲೂ ಅಲುಗುತ್ತಿತ್ತು, ಈಗಲೂ ಅಲುಗಿತು.

ಹಗ್ಗದಲ್ಲಿ ನಾಲ್ಕು ದುಪ್ಪಟಿ. ಯಾರೂ ಮಲಗದವು, ಅಂಗಡಿಯ ಗಂಜಿ ಇನ್ನೂ ಬಿಡದವು. ಅಂಚಿನಲ್ಲಿ ಕಂಪನಿಯ ಹೆಸರಿನ ಚೀಟಿ. ಅವಳು ಮೊದಲನೆಯದರ ಕ್ಲಿಪ್ಪು ತೆಗೆದಳು. ದುಪ್ಪಟಿ ಎಳೆದು ತೋಳಿಗೆ ಹಾಕಿಕೊಂಡಳು. ಎರಡನೆಯದು. ಕೆಳಗಿನಿಂದ ಯಾರೋ "ಅಯ್ಯೋ, ಫೋಟೋ!" ಎಂದರು. ಮೂರನೆಯದು.

"ಅಮ್ಮಾ!" ಮೆಟ್ಟಿಲ ಮೇಲೆ ಮಗಳ ಬೂಟಿನ ಸದ್ದು. ಅವಳು ಏದುತ್ತ ಬಂದು, ಸೊಂಟದ ಗುಂಡಿ ಒತ್ತಿ ಮೈಕು ಆರಿಸಿದಳು. "ಏನು ಮಾಡ್ತಿದೀಯ ನೀನು? ಕ್ಯಾಮೆರಾ ಇದೆ ಇಲ್ಲಿ. ಅಲ್ಲಿ ಅತ್ತೆ ಅಳ್ತಾ ಕೂತಿದಾರೆ, ಇಲ್ಲಿ ನೀನು. ನನ್ನ ಕೆಲಸ ಕಳೆದೇ ಹೋಗ್ತೀರಾ ಇಬ್ಬರೂ?"

"ಈ ಕಡೆ ಬಿಳಿ ಹಾಕಬಾರದು."

"ಯಾವ ದೋಣಿ ಇದೆಯಮ್ಮಾ ಈಗ ನೋಡೋಕೆ? ಬಲೆ ಇಲ್ಲ, ಮೀನಿಲ್ಲ. ಯಾರೂ ಇಲ್ಲ."

"ಅವತ್ತು ಇದ್ರು."

ಮಗಳಿಗೆ ಅರ್ಥವಾಗಲಿಲ್ಲ. ಉಪ್ಪಕ್ಕ ಮೂರು ದುಪ್ಪಟಿಗಳನ್ನೂ ಎದೆಗೆ ಒತ್ತಿಕೊಂಡು ನಿಂತಿದ್ದಳು, ಒಂದು ಕೂಸನ್ನು ಹಿಡಿದ ಹಾಗೆ.

"ನಿಂಗೆ ಜ್ವರ ಇತ್ತು," ಎಂದಳು. "ಎಲ್ಲಾ ಕಕ್ಕಿದ್ದೆ. ಒಳಗಿನ ಹಗ್ಗದಲ್ಲಿ ಜಾಗ ಇರಲಿಲ್ಲ. ಅರ್ಧ ಗಂಟೆ ಅಂತ ಇಲ್ಲಿ ಹಾಕಿದೆ. ನಿದ್ದೆ ಬಂದುಬಿಡ್ತು."

ಮಗಳು ನೋಡುತ್ತಿದ್ದಳು.

"ಪೆಟ್ಟಿಗೇಲಿ ಇರೋದು ನಮ್ಮ ಹಾಸಿಗೇದು. ಆ ಕಲೆ ನೀನು ಮಾಡಿದ್ದು. ನಿಮ್ಮಪ್ಪ ಏನೂ ಬೀಸಿಲ್ಲ. ಓಡಿ ಬಂದು ಇದನ್ನ ತೆಗೆದುಕೊಂಡು ಹೋಗಿ, 'ನಾನೇ ಬೀಸಿದ್ದು' ಅಂತ ಕಂಪನಿಯವರಿಗೆ ಕೊಟ್ಟರು."

ಗಾಳಿಗೆ ಉಳಿದೊಂದು ದುಪ್ಪಟಿ ಫಟಫಟ ಹೊಡೆದುಕೊಂಡಿತು. ಮಗಳು ಕೇಳಿದಳು:

"ನಿಂಗೆ ಗೊತ್ತಿತ್ತಾ?"

ಉಪ್ಪಕ್ಕ ಹಗ್ಗವನ್ನು ನೋಡಿದಳು. ಅಂದು ಓಡಿ ಬಂದಾಗ ಹಗ್ಗ ಖಾಲಿಯಿತ್ತು, ಆದರೆ ಪೂರಾ ಖಾಲಿಯಲ್ಲ. ದುಪ್ಪಟಿಗೆ ಹಾಕಿದ್ದ ಎರಡು ಮರದ ಕ್ಲಿಪ್ಪುಗಳು ಹಗ್ಗದ ತುದಿಯಲ್ಲಿ ಒಂದಕ್ಕೊಂದು ತಾಗಿಕೊಂಡು ಕೂತಿದ್ದವು. ಗಾಳಿ ಬಟ್ಟೆ ಹೊತ್ತೊಯ್ಯುತ್ತದೆ, ಕ್ಲಿಪ್ಪು ಜೋಡಿಸಿಡುವುದಿಲ್ಲ. ಆ ಮನೆಯಲ್ಲಿ ಹಾಗೆ ಜೋಡಿಸಿಡುತ್ತಿದ್ದವನು ಒಬ್ಬನೇ. ಓಡೋಡಿ ಮೇಲೆ ಬಂದವನು ಕಡಲನ್ನು ನೋಡಿರಬೇಕು, ಇನ್ನು ಅವಸರವಿಲ್ಲ ಎಂದು ತಿಳಿದಿರಬೇಕು. ಆಮೇಲೆ ನಿಧಾನವಾಗಿ, ದಿನವೂ ಮಾಡುವ ಹಾಗೆ, ಒಂದೊಂದೇ ಕ್ಲಿಪ್ಪು ತೆಗೆದು ತುದಿಗೆ ಸರಿಸಿದ್ದ.

"ಗೊತ್ತಿಲ್ಲದ ಹಾಗೆ ಇದ್ದೆ," ಎಂದಳು.

ಮಗಳು ಮೋಟುಗೋಡೆಯ ಮೇಲೆ ಕೈ ಊರಿದಳು. ಕೆಳಗೆ ಅವಳ ಗುಂಪು ತಲೆ ಎತ್ತಿ ಕಾಯುತ್ತಿತ್ತು. "ಕೊನೇ ದಿನ ಅಪ್ಪ ನನ್ನ ಕೈ ಹಿಡ್ಕೊಳ್ಳೋಕೆ ಬಂದ್ರು," ಎಂದಳು, ತಾಯಿಗಲ್ಲ, ಕಡಲಿಗೆ. "ಬ್ಯಾಗು ಸರಿ ಮಾಡ್ಕೊಳ್ಳೋ ಹಾಗೆ ಮಾಡಿ ಕೈ ತೆಗೆದುಕೊಂಡೆ. ಬಸ್ಸಿಗೆ ಹೊತ್ತಾಯ್ತು ಅಂದೆ. ಬಸ್ಸು ಇರಲಿಲ್ಲಮ್ಮಾ. ಇನ್ನೂ ಒಂದು ಗಂಟೆ ಇತ್ತು ಬಸ್ಸಿಗೆ."

ಉಪ್ಪಕ್ಕ ಮೂರು ದುಪ್ಪಟಿಗಳನ್ನು ಮೋಟುಗೋಡೆಯ ಮೇಲಿಟ್ಟು, ಹಗ್ಗದಿಂದ ನಾಲ್ಕನೆಯದನ್ನು ಬಿಡಿಸಿದಳು. ಕ್ಲಿಪ್ಪುಗಳನ್ನು ತುದಿಗೆ ಸರಿಸಿದಳು. ದೊಡ್ಡ ದುಪ್ಪಟಿ, ಗಾಳಿ ಬೇರೆ. ಒಬ್ಬರಿಂದ ಮಡಚಲು ಆಗುತ್ತಿರಲಿಲ್ಲ.

"ಆ ತುದಿ ಹಿಡಿ," ಎಂದಳು.

ಮಗಳು ಬಂದು ಎರಡು ಮೂಲೆಗಳನ್ನು ಹಿಡಿದಳು. ಹಿಂದಕ್ಕೆ ಹೋಗಿ ಬಿಗಿಯಾಗಿ ಎಳೆದಳು. ತಾಯಿ ತನ್ನ ಕಡೆಯ ಮೂಲೆಗಳನ್ನು ಜೋಡಿಸಿದಳು, ಮಗಳೂ ಜೋಡಿಸಿದಳು. ಇನ್ನು ಮಗಳು ನಡೆದು ಬಂದು ತನ್ನ ತುದಿಯನ್ನು ತಾಯಿಯ ಕೈಗೆ ಕೊಡಬೇಕು. ಸಣ್ಣವಳಿದ್ದಾಗ ಈ ತಾರಸಿಯ ಮೇಲೆಯೇ ಅದೊಂದು ಆಟವಾಗಿತ್ತು. ತುದಿ ಹಿಡಿದು ನಗುತ್ತ ಓಡಿ ಬಂದು ತಾಯಿಯ ಹೊಟ್ಟೆಗೆ ಢಿಕ್ಕಿ ಹೊಡೆಯುತ್ತಿದ್ದಳು.

ಉಪ್ಪಕ್ಕ ಕೈ ಮುಂದೆ ಮಾಡಿ ಕಾದಳು. ಮಣಿಕಟ್ಟಿನ ಹಸಿರು ಪಟ್ಟಿ ಗಾಳಿಗೆ ಅಲುಗುತ್ತಿತ್ತು. ಇಬ್ಬರ ನಡುವೆ ದುಪ್ಪಟಿ ಒಮ್ಮೆ ಉಬ್ಬಿತು, ಒಮ್ಮೆ ಇಳಿಯಿತು. ಮಗಳು ತುದಿ ಬಿಡಲಿಲ್ಲ. ಹೆಜ್ಜೆಯನ್ನೂ ಎತ್ತಲಿಲ್ಲ.